ಎರಡು ದೇಶ, ಎರಡು ಸರಕು, ಒಂದು ಬುಟ್ಟಿ ರೊಟ್ಟಿ

ನಿವೃತ್ತಿಯಾದ ಮೇಲೆ ಮನುಷ್ಯ ಸುಮ್ಮನೆ ಕೂಡಬೇಕಂತೆ. ಆ ವಿದ್ಯೆ ನನಗೆ ಬರಲಿಲ್ಲ. ಬಸವನ ಬಾಗೇವಾಡಿಯ ಈ ಮನೆಯ ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ದಿನವೆಲ್ಲ ಅಡ್ಡಾಡುತ್ತೇನೆ. ಹತ್ತು ಗಂಟೆಯಾಯಿತೆಂದರೆ ಕೈ ತಾನಾಗಿ ಇಸ್ತ್ರಿ ಅಂಗಿಯ ಕಡೆ ಹೋಗುತ್ತದೆ. "ಕಾಲಿಗೆ ಗಾಲಿ ಕಟಗೊಂಡಾರ ನೋಡ್ರಿ ಇವರು" ಎಂದು ನನ್ನ ಹೆಂಡತಿ ಸುಮಂಗಲಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಕೆಲಸದಲ್ಲಿದ್ದಾಗಲೂ ನಾನು ಹೀಗೇ ಇದ್ದೆ. ಖುರ್ಚಿಯ ಮೇಲೆ ಕೂತು ಪಾಠ ಮಾಡಿದ ನೆನಪೇ ಇಲ್ಲ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವನು. ಇಂಡಿ, ಮುದ್ದೇಬಿಹಾಳ, ಸಿಂದಗಿ, ಕೊನೆಗೆ ಬಾಗೇವಾಡಿ, ಹೀಗೆ ನಾಲ್ಕು ಊರಿನ ಹಲಗೆ ಒರೆಸಿದ್ದೇನೆ. ಬಡ್ತಿ ಯಾವಾಗ ಬಂತು, ಸನ್ಮಾನಕ್ಕೆ ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯುವುದಿಲ್ಲ. ಅವೆಲ್ಲ ಎಲ್ಲರಿಗೂ ಆಗುವಂಥವು. ಹೋದ ತಿಂಗಳು ಅಶ್ವಿನಿ ಎಂಬ ಹೊಸ ಉಪನ್ಯಾಸಕಿ ಮನೆಗೆ ಬಂದಿದ್ದಳು. "ಸರ, ಎಲ್ಲಾ ಪಾಠ ಹೆಂಗರೆ ಆಗ್ತಾವ್ರಿ. ದೇಶ ದೇಶದ ವ್ಯಾಪಾರದ ಪಾಠ ಬಂತಂದ್ರ ಹುಡುಗ್ರು ನಿದ್ದಿ ಹೊಡೀತಾರ. ನೀವು ಹೆಂಗ ಹೇಳತಿದ್ರಿ?" ಎಂದು ಕೇಳಿದಳು. ಚಹಾ ಆರುವವರೆಗೂ ನನಗೆ ಉತ್ತರ ಹೊಳೆಯಲಿಲ್ಲ. ಆಕೆ ಹೋದ ಮೇಲೆ ಹೊಳೆಯಿತು, ಆದರೆ ಅದು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಎಂದರೆ ನಡುನಡುವೆ ಎದ್ದು ಅಡ್ಡಾಡುತ್ತಲೂ ಇದ್ದೇನೆ.

ಮೊದಲ ನೌಕರಿ ಇಂಡಿಯಲ್ಲಿ. ಆಗ ಪುಸ್ತಕದಲ್ಲಿ ಇದ್ದ ಉದಾಹರಣೆ ಒಂದೇ. ಒಂದು ದೇಶ ಬಟ್ಟೆ ನೇಯುತ್ತದೆ, ಇನ್ನೊಂದು ದೇಶ ದ್ರಾಕ್ಷಿಯಿಂದ ಮದ್ಯ ಮಾಡುತ್ತದೆ. ಹೊಸ ಹುರುಪಿನಲ್ಲಿ ನಾನು ಮದ್ಯದ ಬಗ್ಗೆಯೇ ವಿಸ್ತಾರವಾಗಿ ಹೇಳಿಬಿಟ್ಟೆ. ಎಂಥ ಭೂಮಿ ಬೇಕು, ಎಂಥ ಬಿಸಿಲು ಬೇಕು, ಎಷ್ಟು ವರ್ಷ ಪೀಪಾಯಿಯಲ್ಲಿ ಇಡಬೇಕು ಎಲ್ಲ. ಕ್ಲಾಸಿನಲ್ಲಿ ಅರ್ಧ ಮಕ್ಕಳು ದ್ರಾಕ್ಷಿ ತೋಟದವರು. ಅವರ ಪ್ರಕಾರ ದ್ರಾಕ್ಷಿ ಇರುವುದು ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡಲಿಕ್ಕೆ. ಮೂರನೆಯ ದಿನ ಝಳಕಿಯ ಕಡೆಯ ಒಬ್ಬ ಹಿರಿಯರು ಪಟಕ ಸುತ್ತಿಕೊಂಡು ಪ್ರಾಚಾರ್ಯರ ಕೋಣೆಗೆ ಬಂದರು. ಪ್ರಾಚಾರ್ಯರು ನನ್ನನ್ನು ಕರೆಸಿದರು.

"ಇವರೇನ್ರಿ ಹೊಸಾ ಮಾಸ್ತರ?" ಎಂದು ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಮ್ಮ ಹುಡುಗ ಮನಿಗಿ ಬಂದು, ದ್ರಾಕ್ಷಿ ಒಣಗಸೂದು ಬಿಟ್ಟು ಸೆರೆ ಮಾಡಿದ್ರ ಲಾಭ ಐತಿ ಅಂತಾನ. ಕಾಲೇಜಿನ್ಯಾಗ ಇದಽ ಹೇಳಿ ಕೊಡ್ತೀರೇನ್ರಿ?"

ಪ್ರಾಚಾರ್ಯರು ಇತಿಹಾಸದವರು, ನಗು ತಡೆಯಲು ಕೆಮ್ಮುತ್ತಿದ್ದರು. ಹಿರಿಯರು ಹೋದ ಮೇಲೆ ನನಗೆ ಒಂದೇ ಮಾತು ಹೇಳಿದರು: "ನಿಮ್ಮ ಉದಾಹರಣಿ ಮನಿ ಮುಟ್ಟತಾವು. ನೆನಪಿರ್ಲಿ." ಅಂದು ನನಗೆ ಅದು ಹೊಗಳಿಕೆಯಂತೆ ಕೇಳಿಸಿತು.

ನಾನು ಉದಾಹರಣೆ ಬದಲಿಸಿದೆ. ದೇಶಗಳ ಬದಲು ಇಂಡಿ ಮತ್ತು ಮುದ್ದೇಬಿಹಾಳ. ಸರಕು ನಿಂಬೆಹಣ್ಣು ಮತ್ತು ಜೋಳ. ಹಲಗೆಯ ಮೇಲೆ ಹೀಗೆ ಬರೆದೆ: ಅದೇ ದುಡಿಮೆಯಲ್ಲಿ ಇಂಡಿಯವನು ಆರು ಬುಟ್ಟಿ ನಿಂಬೆ ಬೆಳೆದಾನು, ಇಲ್ಲವೆ ಮೂರು ಚೀಲ ಜೋಳ. ಮುದ್ದೇಬಿಹಾಳದವನು ಒಂದು ಬುಟ್ಟಿ ನಿಂಬೆ, ಇಲ್ಲವೆ ಎರಡು ಚೀಲ ಜೋಳ. ಎರಡರಲ್ಲೂ ಇಂಡಿಯೇ ಮುಂದು. ಇದು ನಿರಪೇಕ್ಷ ಅನುಕೂಲ. ಹಾಗಾದರೆ ಇಂಡಿ ಎರಡನ್ನೂ ತಾನೇ ಬೆಳೆದುಕೊಳ್ಳಲಿ, ಮುದ್ದೇಬಿಹಾಳದ ಹಂಗೇಕೆ? ಇಲ್ಲಿಯೇ ತಿರುವು ಇರುವುದು. ಇಂಡಿಯವನು ಒಂದು ಚೀಲ ಜೋಳ ಬೆಳೆಯಲು ಹೋದರೆ ಎರಡು ಬುಟ್ಟಿ ನಿಂಬೆ ಕಳೆದುಕೊಳ್ಳುತ್ತಾನೆ. ಮುದ್ದೇಬಿಹಾಳದವನು ಅದೇ ಚೀಲಕ್ಕೆ ಅರ್ಧ ಬುಟ್ಟಿ ಮಾತ್ರ ಕಳೆದುಕೊಳ್ಳುತ್ತಾನೆ. ಆದ್ದರಿಂದ ಜೋಳ ಅವನು ಬೆಳೆಯಲಿ, ನಿಂಬೆ ಇವನು ಬೆಳೆಯಲಿ, ಆಮೇಲೆ ಅದಲು ಬದಲು ಮಾಡಿಕೊಳ್ಳಲಿ. ಏನು ಚೆನ್ನಾಗಿ ಬರುತ್ತದೆ ಎಂದು ಕೇಳುವುದಲ್ಲ, ಅದನ್ನು ಮಾಡಲು ಏನು ಬಿಡಬೇಕಾಗುತ್ತದೆ ಎಂದು ಕೇಳುವುದು. ಇದೇ ತುಲನಾತ್ಮಕ ಅನುಕೂಲ. ಕೊನೆಯ ಸಾಲು ಹೀಗೆ: ಎರಡೂ ಕಡೆಯವರಿಗೂ ಲಾಭ.

ಇಂಡಿಯ ಮಕ್ಕಳು ಭಾರಿ ಖುಷಿಪಟ್ಟರು. ಎರಡರಲ್ಲೂ ತಮ್ಮ ಊರೇ ಮುಂದಿತ್ತಲ್ಲ. ನಾನು ನನ್ನ ಪಾಠಕ್ಕೇ ಖುಷಿಯೆಂದು ತಿಳಿದುಕೊಂಡೆ.

ಕೆಲವು ವರ್ಷಕ್ಕೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಉದಾಹರಣೆಯನ್ನೂ ಹಾಸಿಗೆಯ ಜೊತೆಗೆ ಸುತ್ತಿಕೊಂಡು ಹೋದೆ. ಅದೇ ಅಂಕಿ, ಅದೇ ಹುರುಪು. ಹಲಗೆಯಿಂದ ತಿರುಗಿ ನೋಡಿದರೆ ಇಡೀ ಕ್ಲಾಸು ಮುಖ ಗಂಟು ಹಾಕಿಕೊಂಡು ಕೂತಿದೆ. ಹಿಂದಿನಿಂದ ಒಬ್ಬ ಎದ್ದು, "ಸರ, ನಮ್ಮೂರು ಎರಡರಾಗೂ ಹಿಂದ ಅಂತ ಯಾವ ಪುಸ್ತಕದಾಗ ಬರದಾರ್ರಿ?" ಎಂದ.

"ಹಿಂದ ಇದ್ರೂ ನಿಮಗ ಲಾಭ ಐತಿ ಅಂತನಽ ಈ ಪಾಠ" ಎಂದೆ.

"ಲಾಭ ಹಂಗಿರ್ಲ್ರಿ. ಹಿಂದ ಯಾಕ?"

ಮರುದಿನ ನನ್ನ ಮೇಜಿನ ಮೇಲೆ ಒಂದು ನಿಂಬೆಹಣ್ಣು ಇತ್ತು. ಸಣ್ಣ ಮೂಸಂಬಿಯಷ್ಟು ದಪ್ಪ. ಒಬ್ಬ ಹುಡುಗಿ ಮೆಲ್ಲಗೆ, "ಇದು ಇಂಡಿದಲ್ರಿ ಸರ. ನಮ್ಮ ಹೊಲದ್ದು" ಎಂದಳು. ಆ ಹಣ್ಣನ್ನು ಮನೆಗೆ ತಂದು ಸುಮಂಗಲಾಳ ಕೈಗೆ ಕೊಟ್ಟೆ. ಆಕೆ ಉಪ್ಪಿನಕಾಯಿಗೆ ಹಾಕಿದಳು.

ಹೊಸಬರು ಇದನ್ನು ಕೇಳಿಸಿಕೊಳ್ಳಿ. ಎರಡರಲ್ಲೂ ಹಿಂದೆ ಬಿದ್ದವನಿಗೂ ಲಾಭವಿದೆ ಎಂಬುದು ಸಿದ್ಧಾಂತದ ಚಂದ. ಆದರೆ ಎದುರಿಗೆ ಕೂತವನಿಗೆ "ನೀನು ಎರಡರಲ್ಲೂ ಹಿಂದೆ" ಎನ್ನುವ ಮಾತು ಮಾತ್ರ ಕೇಳಿಸುತ್ತದೆ. ನಾನು ಮತ್ತೆ ಉದಾಹರಣೆ ಬದಲಿಸಿ ಮುಯ್ಯಾಳಿಗೆ ಬಂದೆ. ನಿಮ್ಮ ಹೊಲಕ್ಕೆ ನಾವು ದುಡಿಯಲು ಬರುತ್ತೇವೆ, ನಮ್ಮ ಹೊಲಕ್ಕೆ ನೀವು ಬನ್ನಿ ಎನ್ನುವ ಪದ್ಧತಿ ಅದು. ಒಬ್ಬಳು ಕಳೆಯನ್ನೂ ಚುರುಕಾಗಿ ತೆಗೆಯುತ್ತಾಳೆ, ಹತ್ತಿಯನ್ನೂ ಚುರುಕಾಗಿ ಬಿಡಿಸುತ್ತಾಳೆ. ಆಕೆಯ ಜೊತೆ ಮೆತ್ತಗಿನವಳೊಬ್ಬಳು ಮುಯ್ಯಿ ಹಾಕಿದರೆ ಯಾರನ್ನು ಯಾವ ಕೆಲಸಕ್ಕೆ ಬಿಡಬೇಕು? ಮಕ್ಕಳು ಒಪ್ಪಲಿಲ್ಲ. ಮುಯ್ಯಾಳಿನಲ್ಲಿ ಯಾರು ಚುರುಕು ಎಂದು ಯಾರೂ ಕೇಳುವುದಿಲ್ಲವಂತೆ. ದಿನಕ್ಕೆ ದಿನ ಸರಿ, ಅಷ್ಟೇ. "ಲೆಕ್ಕಾ ಹಾಕಿದ್ರ ಅದು ಮುಯ್ಯಿ ಅಲ್ರಿ, ಕೂಲಿ" ಎಂದರು. ಪ್ರಾಚಾರ್ಯರು ಕಿಟಕಿಯಲ್ಲಿ ನಿಂತು, "ಮುಯ್ಯಿ ಗಿಯ್ಯಿ ಬಿಡ್ರಿ, ಸಿಲಬಸ್ ಮುಗಸ್ರಿ" ಎಂದರು. ಮುಗಿಸಿದೆ.

ಅಲ್ಲಿಂದ ಸಿಂದಗಿ. ಅಶ್ವಿನಿಯ ಪ್ರಶ್ನೆಗೆ ಉತ್ತರ ಇರುವುದು ಸಿಂದಗಿಯಲ್ಲಿ.

ಅಲ್ಲಿಯ ಮಾರುಕಟ್ಟೆಯಲ್ಲಿ ಶರಣಪ್ಪ ಎಂಬ ಸಾವಕಾರರ ದಲಾಲಿ ಅಂಗಡಿ ಇತ್ತು. ರೈತರು ತಂದ ತೊಗರಿ ಅಲ್ಲಿ ಹರಾಜಾಗಿ ಬೇಳೆ ಗಿರಣಿಗಳಿಗೆ ಹೋಗುತ್ತಿತ್ತು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ರೇಣುಕಾ ಮತ್ತು ಸವಿತಾ. ತಾಯಿ ಗೌರಕ್ಕನಿಗೆ ಸೊಂಟದ ಶಸ್ತ್ರಚಿಕಿತ್ಸೆಯಾದ ವರ್ಷ ದೊಡ್ಡವಳು ಸಾಲೆ ಬಿಟ್ಟು ಮನೆ ನೋಡಿಕೊಂಡಿದ್ದಳು. ಹೀಗಾಗಿ ಅಕ್ಕ ತಂಗಿ ಇಬ್ಬರೂ ದ್ವಿತೀಯ ಪಿಯುಸಿಯಲ್ಲಿ ನನ್ನ ಕ್ಲಾಸಿನಲ್ಲಿ ಒಂದೇ ಬೆಂಚಿಗೆ ಕೂರುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಚೀಲ ಹೊರುವ ಹಮಾಲರಿಗೆ ಮಧ್ಯಾಹ್ನದ ಊಟ ಸಾವಕಾರರ ಮನೆಯಿಂದಲೇ ಬರಬೇಕು. ಶರಣಪ್ಪನವರ ಅಜ್ಜನ ಕಾಲದಿಂದ ನಡೆದುಬಂದದ್ದು. ಒಂದು ದೊಡ್ಡ ಬುಟ್ಟಿ ತುಂಬ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ತಾಯಿಗೆ ಒಲೆಯ ಮುಂದೆ ಕೂರಲು ಆಗದು. ಅಷ್ಟೂ ರೊಟ್ಟಿಯನ್ನು ರೇಣುಕಾ ಬೆಳಗಿನ ಜಾವಕ್ಕೆ ಎದ್ದು ಬಡಿದಿಟ್ಟು ಕಾಲೇಜಿಗೆ ಬರುತ್ತಿದ್ದಳು. ಅಂಗೈ ಸದಾ ಕೆಂಪಗಿರುತ್ತಿತ್ತು.

ಪಾಠ ಬಂದ ದಿನ, ಊರುಗಳ ಹೆಸರು ಬರೆಯಲು ನನಗೆ ಧೈರ್ಯವಾಗಲಿಲ್ಲ. "ನೀವಽ ಒಂದು ಉದಾಹರಣಿ ಹೇಳ್ರಿ" ಎಂದೆ. ರೇಣುಕಾ ಎದ್ದು ನಿಂತು ನಗುತ್ತ, "ನಾನು ಮತ್ತ ಸವಿತಾ ಬರೀರಿ ಸರ. ರೊಟ್ಟಿ ಮತ್ತ ಓದು" ಎಂದಳು. ಸವಿತಾ ಒಂದು ರೊಟ್ಟಿ ಬಡಿಯುವುದರೊಳಗೆ ತಾನು ಮೂರು ಬಡಿಯುತ್ತೇನೆ, ಓದಿನಲ್ಲಿ ತಾನು ಸ್ವಲ್ಪವೇ ಮುಂದೆ ಎಂದು ಲೆಕ್ಕ ಕೊಟ್ಟಳು. ಸವಿತಾ ಅಕ್ಕನ ತೊಡೆ ಚಿವುಟಿದಳು. ನಾನು ಹಲಗೆಗೆ ಬರೆದೆ. ಇಡೀ ಕ್ಲಾಸು ಒಂದೇ ದನಿಯಲ್ಲಿ, "ಹಂಗಾದ್ರ ರೇಣುಕಾ ರೊಟ್ಟಿ ಬಡೀಲಿ, ಸವಿತಾ ಓದ್ಲಿ" ಎಂದಿತು. ಅಷ್ಟು ವರ್ಷದಲ್ಲಿ ಈ ಪಾಠ ಒಂದೇ ಪೆಟ್ಟಿಗೆ ಎಲ್ಲರಿಗೂ ತಿಳಿದದ್ದು ಅದೇ ಮೊದಲು. ಖುಷಿಯಲ್ಲಿ ನಾನು ಬಾಗಿಲಿನಿಂದ ಕಿಟಕಿಗೆ ಎಷ್ಟು ಸಲ ಅಡ್ಡಾಡಿದೆನೋ. ಅಂದು ರಾತ್ರಿ ಊಟಕ್ಕೆ ಕೂತಾಗ ಸವಿತಾ ಅದನ್ನು ತಮಾಷೆಯಾಗಿ ಅಪ್ಪನಿಗೆ ಹೇಳಿದಳಂತೆ. ಅಪ್ಪನೂ ನಕ್ಕರಂತೆ.

ಪರೀಕ್ಷೆ ಮುಗಿದು ಫಲಿತಾಂಶ ಬಂತು. ಇಬ್ಬರೂ ಒಳ್ಳೆಯ ಅಂಕದಲ್ಲಿ ಪಾಸು, ರೇಣುಕಾ ಒಂದು ಕೈ ಮೇಲೆ. ವಿಜಯಪುರದ ಕಾಲೇಜಿನಲ್ಲಿ ಬಿ.ಕಾಂ.ಗೆ ಹೆಸರು ಹಚ್ಚಬೇಕು, ಹಾಸ್ಟೆಲಿನಲ್ಲಿ ಇರಬೇಕು ಎಂದು ಇಬ್ಬರೂ ಕನಸು ಕಟ್ಟಿದ್ದರು. ಒಂದು ಬೆಳಿಗ್ಗೆ ಸವಿತಾ ಕಾಲೇಜಿನ ಗೇಟಿನಲ್ಲಿ ನನಗಾಗಿ ಕಾದು ನಿಂತಿದ್ದಳು. ಅತ್ತು ಕಣ್ಣು ಬಾತಿದ್ದವು.

"ಅಪ್ಪ ನನ್ನೊಬ್ಬಾಕಿದಽ ಹೆಸರು ಹಚ್ತಾನಂತ್ರಿ ಸರ. ಅಕ್ಕ ಮನ್ಯಾಗ ಇರಬೇಕಂತ. ನಿಮ್ಮ ಪಾಠನಽ ಹೇಳಿ ತೋರಸಾಕತ್ತಾನ."

ಇಂಡಿಯ ಪ್ರಾಚಾರ್ಯರ ಮಾತು ಆಗ ಸರಿಯಾಗಿ ಕೇಳಿಸಿತು. ಸಿಂದಗಿಯ ಪ್ರಾಚಾರ್ಯರ ಹತ್ತಿರ ಹೋದೆ. ಅವರು ಒಳ್ಳೆಯವರೇ, ಆದರೆ ತೊಂದರೆಗೆ ಹೆದರುವವರು. "ಮಾಸ್ತರಕಿ ಗೇಟಿನ ಒಳಗ ಇರ್ಲಿ. ಮಂದಿ ಮನಿ ಒಲಿ ಮುಂದ ಯಾಕ ಹೋಗ್ತೀರಿ?" ಎಂದರು. ನಾನು ನೆಟ್ಟಗೆ ಮಾರುಕಟ್ಟೆಗೆ ಹೋದೆ.

ಶರಣಪ್ಪನವರು ಗಾದಿಯ ಮೇಲೆ ಮೊಬೈಲು ನೋಡುತ್ತ ಕೂತಿದ್ದರು. ಕುಂಡ್ರಿ ಎಂದರು, ಚಹಾ ಹೇಳಿದರು. ಕೂರಲು ನನ್ನಿಂದಾಗದು, ನಿಂತೇ ಮಾತು ತೆಗೆದೆ.

"ನಂದೇನೂ ಇಲ್ರಿ ಸರ್ರ, ನಿಮ್ಮ ಲೆಕ್ಕನಽ" ಎಂದರು ಅವರು, ಸಿಟ್ಟಿಲ್ಲದೆ. "ದೊಡ್ಡಾಕಿ ಎರಡರಾಗೂ ಜೋರ, ಖರೇ. ಆದ್ರ ರೊಟ್ಟಿಯೊಳಗ ಮೂರುಪಟ್ಟು ಜೋರ. ಓದಿನ್ಯಾಗ ಒಂದೀಟು. ಸಣ್ಣಾಕಿನ್ನ ಒಲಿ ಮುಂದ ಕುಂಡರಿಸಿದ್ರ ಬುಟ್ಟಿ ಅರ್ಧಾ ತುಂಬೂದಿಲ್ಲ. ಯಾರು ಓದಬೇಕು, ಯಾರು ಬಡಿಬೇಕು, ನೀವಽ ಹೇಳ್ರಿ."

ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಕೊಡಬೇಕಿತ್ತು. ನಾನು ಬಾಗಿಲಿನವರೆಗೆ ಹೋಗಿ ತಿರುಗಿ ಬಂದೆ.

"ಮೊಬೈಲಿನ್ಯಾಗ ಏನ ನೋಡಾಕತ್ತೀರಿ ಸಾವಕಾರ್ರ?"

"ಇನ್ನೇನ್ರಿ. ಆಫ್ರಿಕಾದ ತೊಗರಿ ಹಡಗದಾಗ ಬರಾಕತ್ತೈತಿ. ಅದು ಬಂದರಿಗೆ ಮುಟ್ಟೂದಽ ತಡ, ಇಲ್ಲಿ ನಮ್ಮ ತೊಗರಿ ಮೂಸೂವ್ರಿಲ್ಲ. ಸರಕಾರ ಅದನ್ನ ತಡೀಬೇಕು."

"ಅವರು ಕಡಿಮಿ ಖರ್ಚಿನ್ಯಾಗ ಸೋವಿಯಾಗಿ ಬೆಳೀತಾರ. ನನ್ನ ಲೆಕ್ಕದ ಪ್ರಕಾರ ತೊಗರಿ ಅವರಿಗೆ ಬಿಟ್ಟು ನೀವು ಬ್ಯಾರೆ ನೋಡಬೇಕು."

"ಏನ್ ಮಾತಾಡ್ತೀರಿ ಸರ್ರ. ನಮಗೂ ನಾಕ ವರ್ಷ ನೀರು ಕೊಡ್ರಿ, ಚಲೋ ಬೀಜ ಕೊಡ್ರಿ, ನಾವೂ ಅವರಷ್ಟಽ ಸೋವಿ ಬೆಳದು ತೋರಸ್ತೀವಿ. ಇವತ್ತ ಹಿಂದ ಅದೀವಿ ಅಂತ ಕಾಯಂ ಹಿಂದ ಇರ್ತೀವೇನು?"

"ಹಂಗಾದ್ರ ಸವಿತಾಗೂ ನಾಕ ವರ್ಷದ ಹಿಂದ ಹಿಟ್ಟು ಕೈಯಾಗ ಕೊಟ್ಟಿದ್ರ ಆಕಿನೂ ಅಕ್ಕನಷ್ಟಽ ಬಡೀತಿದ್ಲು. ರೇಣುಕಾ ಹುಟ್ಟುತ್ಲೆ ರೊಟ್ಟಿ ಬಡ್ಯಾಕ ಬಂದಾಕಿ ಅಲ್ಲ. ನೀವು ಕುಂಡರಿಸಿದ್ರಿ, ಬಂತು. ತೊಗರಿಗೆ ಒಂದು ನ್ಯಾಯ, ಮಗಳಿಗೆ ಒಂದು ನ್ಯಾಯ ಏನ್ರಿ?"

ಗೆದ್ದೆ ಎಂದುಕೊಂಡೆ. ಶರಣಪ್ಪನವರು ನಿಧಾನಕ್ಕೆ ಮೊಬೈಲು ಕೆಳಗಿಟ್ಟರು. "ಮಾತಿನ್ಯಾಗ ನೀವಽ ಮುಂದ ಸರ್ರ. ಆದ್ರ ತೊಗರಿ ನಾಕ ವರ್ಷ ಕಾಯ್ತೈತಿ. ನಾಳೆ ಮಧ್ಯಾಹ್ನ ನಮ್ಮ ಹಮಾಲರು ಹಸದು ಕುಂಡರ್ತಾರ" ಎಂದರು.

"ರೊಟ್ಟಿ ಕೊಳ್ರಿ" ಎಂದೆ. "ಊರಾಗ ರೊಟ್ಟಿ ಬಡದು ಮಾರೂವ್ರು ಅದಾರಲ್ಲ."

ಅವರ ಮುಖ ಕಪ್ಪಿಟ್ಟಿತು. ದೂರದ ದೇಶದ ತೊಗರಿಯ ಮಾತಾಡಿದಾಗಲೂ ಅಷ್ಟು ಸಿಟ್ಟು ಬಂದಿರಲಿಲ್ಲ. "ಮನ್ಯಾಗ ಇಬ್ಬರು ಹೆಣ್ಮಕ್ಕಳು ಇದ್ದು ಬಜಾರದ ರೊಟ್ಟಿ ತರೂದ? ನಾಳೆ ಮಾರ್ಕೆಟ್ಟಿನ್ಯಾಗ ಮಂದಿ ಏನಂದಾರು? ಚಹಾ ಕುಡೀರಿ, ಆರ್ತೈತಿ."

ಈ ಭಾಗದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬಟ್ಟೆ ಸೂರತ್ತಿನದು, ಚಹಾ ಅಸ್ಸಾಮಿನದು, ಮೊಬೈಲು ಎಲ್ಲಿಯದೋ. ರೊಟ್ಟಿ ಮಾತ್ರ ಮನೆಯ ಒಲೆಯದೇ ಆಗಬೇಕು. ದೇಶ ದೇಶದ ವ್ಯಾಪಾರ ಬಲ್ಲವರ ಮನೆಯ ಹೊಸ್ತಿಲಲ್ಲಿ ರೊಟ್ಟಿಯ ಆಮದಿಗೆ ಸುಂಕವಲ್ಲ, ನಿಷೇಧವೇ ಇತ್ತು. ಸೋತು ಹೊರಬಿದ್ದೆ.

ದಾರಿಯಲ್ಲಿ ಅಕ್ಕ ತಂಗಿ ಇಬ್ಬರೂ ನಿಂತಿದ್ದರು. ನಡೆದದ್ದನ್ನು ಹೇಳಿದೆ. ರೇಣುಕಾ ಅಳಲಿಲ್ಲ. "ರೊಟ್ಟಿ ಮಾರೂವ್ರು ಯಾರಾದ್ರೂ ನಿಮಗ ಗೊತ್ತೇನ್ರಿ ಸರ? ಚಲೋ ಕೈ ಇರಬೇಕು" ಎಂದಳು.

ಗೊತ್ತಿತ್ತು. ಲಕ್ಷ್ಮಿ ಎಂಬ ಹುಡುಗಿ ಆಗಷ್ಟೇ ಪ್ರಥಮ ಪಿಯುಸಿ ಮುಗಿಸಿದ್ದಳು. ಮೂರನೇ ಬೆಂಚಿನಲ್ಲಿ ಗೋಡೆಗೆ ಒತ್ತಿ ಕೂರುತ್ತಿದ್ದವಳು. ಆಕೆಯ ತಾಯಿ ನೀಲವ್ವ ಕನ್ನೊಳ್ಳಿಯ ಕಡೆಯಿಂದ ಬಂದು ಸಿಂದಗಿಯಲ್ಲಿ ಒಂದು ತಗಡು ಹೊದಿಸಿದ ಪತ್ರಾಸಿನ ಶೆಡ್ಡಿನಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದಳು. ಲಕ್ಷ್ಮಿ ಓದಿನಲ್ಲಿ ನಡುವಿನವಳು, ಆದರೆ ಪ್ರಶ್ನೆ ಕೇಳುವುದರಲ್ಲಿ ಮುಂದು. ನಾನು ಶೆಡ್ಡಿನ ಗುರುತು ಹೇಳಿದೆ.

ಒಂದು ವಾರ ಕಳೆದಿರಬೇಕು. "ನಾಳೆ ಊಟದ ಹೊತ್ತಿಗೆ ಅಂಗಡಿ ಕಡೆ ಬರ್ರಿ ಸರ" ಎಂದು ರೇಣುಕಾ ಹೇಳಿ ಕಳಿಸಿದಳು. ಯಾಕೆಂದು ಹೇಳಲಿಲ್ಲ. ಹೋದೆ. ಹಮಾಲರು ಕೈಕಾಲು ತೊಳೆದು ಸಾಲಾಗಿ ಕೂತಿದ್ದರು. ಅಕ್ಕ ತಂಗಿ ಬುಟ್ಟಿ ತಂದಿಟ್ಟರು. ಶರಣಪ್ಪನವರು ಹಳೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ. "ಬರ್ರಿ ಸರ್ರ, ಹೊತ್ತಿಗೆ ಸರಿಯಾಗಿ ಬಂದ್ರಿ, ಉಣ್ಣಬೇಕು" ಎಂದು ಕೈ ಹಿಡಿದು ಕೂರಿಸಿದರು. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು.

"ನೋಡ್ರಿ, ಎಷ್ಟ ತೆಳ್ಳಗ ಐತಿ. ಒಂದ ಕಡೆನೂ ಕರಕಿಲ್ಲ. ಇದು ರೇಣಿ ಕೈ. ಇಂಥಾ ರೊಟ್ಟಿ ನಿಮ್ಮ ಬಜಾರದಾಗ ಸಿಗ್ತೈತೇನ್ರಿ?"

"ಸಿಗ್ತೈತಪ್ಪಾ" ಎಂದಳು ರೇಣುಕಾ. "ಇದು ಅಲ್ಲಿದಽ."

ತುತ್ತು ಎತ್ತಿದ ಕೈಗಳೆಲ್ಲ ನಿಂತವು. ಶರಣಪ್ಪನವರು ಮಗಳನ್ನು ನೋಡಿದರು, ರೊಟ್ಟಿಯನ್ನು ನೋಡಿದರು.

"ಯಾವತ್ತಿನಿಂದ?"

"ಹೋದ ಸೋಮವಾರದಿಂದ. ನೀವು ದಿನಾ ಚಲೋ ಅದಾವ ಅಂದೀರಿ."

"ನಿಮ್ಮವ್ವಗ ಗೊತ್ತೇನು?"

"ಅವ್ವನಽ ತರಸ್ಯಾಳ. ನನ್ನ ಸೊಂಟದ ಸಲುವಾಗಿ ನನ್ನ ಮಗಳ ನಡ ಮುರಿಬ್ಯಾಡ್ರಿ ಅಂತ ಹೇಳಂದಾಳ."

ಹಸಿವೆ ಯಾರ ಮುಲಾಜನ್ನೂ ನೋಡುವುದಿಲ್ಲ, ಸಾಲಿನ ತುದಿಯ ಹಮಾಲನೊಬ್ಬ ಮತ್ತೆ ಉಣ್ಣತೊಡಗಿದ. ಶರಣಪ್ಪನವರು ಆ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದರು. ಪೂರ್ತಿ ಉಂಡು, ಕೈ ತೊಳೆದುಕೊಂಡು ಬಂದು ನನ್ನ ಕಡೆ ನೋಡದೆ, "ಇಬ್ಬರದೂ ಹೆಸರು ಹಚ್ಚರಿ" ಎಂದರು. ಸವಿತಾ ಅಂಗಡಿಯಿಂದಲೇ ಮನೆಯ ಕಡೆ ಓಡಿದಳು. ನನಗೂ ಓಡಬೇಕೆನಿಸಿತು.

ಆ ಇಬ್ಬರೂ ವಿಜಯಪುರದಲ್ಲಿ ಓದಿ ಮುಗಿಸಿದರು. ರೇಣುಕಾ ಈಗ ಬೆಳಗಾವಿಯಲ್ಲಿ ಲೆಕ್ಕಪರಿಶೋಧಕರ ಕಚೇರಿಯಲ್ಲಿದ್ದಾಳೆ, ಹಬ್ಬಕ್ಕೆ ಫೋನು ಮಾಡುತ್ತಾಳೆ. ಇಲ್ಲಿಗೆ ನಿಲ್ಲಿಸಿದರೆ ಅಶ್ವಿನಿಗೆ ಒಳ್ಳೆಯ ಕಥೆಯೇ ಸಿಕ್ಕಿತು. ಅನೇಕ ವರ್ಷ ನಾನೂ ತರಬೇತಿ ಶಿಬಿರಗಳಲ್ಲಿ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಗೊಂಡಿದ್ದೇನೆ.

ಕೊನೆಯ ವರ್ಷಗಳಲ್ಲಿ ಬಾಗೇವಾಡಿಗೆ ಬಂದಾಗ ಸೀಮೆಸುಣ್ಣದ ಕಾಲ ಮುಗಿದಿತ್ತು. ಗೋಡೆಯ ಮೇಲೆ ದೊಡ್ಡ ಪರದೆ. ಒಂದು ಗುಂಡಿ ಒತ್ತಿದರೆ ಸಾಕು, ಎರಡು ದೇಶಗಳು ಕೈ ಕಾಲು ಮೂಡಿ ಕುಣಿಯುತ್ತ ಬಂದು ಸರಕು ಬದಲಾಯಿಸಿಕೊಂಡು ನಗುತ್ತವೆ. ಹಾಡು ಬೇರೆ. ಮಕ್ಕಳಿಗೆ ಬೇಗ ತಿಳಿಯುತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ವಿಡಿಯೋ ಮುಗಿದ ಮೇಲೆ ಕೇಳುವ ಪ್ರಶ್ನೆ ಮಾತ್ರ ಒಂದೇ: "ಸರ, ಐದು ಅಂಕಕ್ಕ ಎಷ್ಟು ಬರೀಬೇಕ್ರಿ?" ಗೈಡಿನಲ್ಲಿ ಐದು ಅಂಕದ ಉತ್ತರ ತಯಾರಾಗಿ ಇರುತ್ತಿತ್ತು. ಉತ್ತರಪತ್ರಿಕೆ ತಿದ್ದುವಾಗ ಒಂದರ ಮೇಲೊಂದು ಅದೇ ಕೊನೆಯ ಸಾಲು ಬರುತ್ತಿತ್ತು, "ಆದ್ದರಿಂದ ಎರಡೂ ದೇಶಗಳಿಗೂ ಲಾಭ." ಸರಿಯಾದ ಉತ್ತರ. ಆದರೂ ಆ ಸಾಲಿಗೆ ಸರಿ ಗುರುತು ಹಾಕುವಾಗೆಲ್ಲ ನನ್ನ ಪೆನ್ನು ತಡೆಯುತ್ತಿತ್ತು. ಎದ್ದು ವರಾಂಡದಲ್ಲಿ ಒಂದು ಸುತ್ತು ಹಾಕಿ ಬಂದು ಗುರುತು ಹಾಕುತ್ತಿದ್ದೆ. "ಈ ಸರಗ ಏನಾಗೈತಿ?" ಎಂದು ಜೊತೆಯವರು ನಗುತ್ತಿದ್ದರು.

ಏನಾಗಿತ್ತು ಎಂದರೆ, ಸಿಂದಗಿಯ ಮಾತು ಅಲ್ಲಿಗೆ ಮುಗಿದಿರಲಿಲ್ಲ.

ಶರಣಪ್ಪನವರ ಅಂಗಡಿಗೆ ಬಜಾರದ ರೊಟ್ಟಿ ಬರುತ್ತದೆ ಎಂದು ಗೊತ್ತಾದಾಗ ಮಾರುಕಟ್ಟೆಯಲ್ಲಿ ಎರಡು ದಿನ ನಕ್ಕರು. ಮೂರನೆಯ ದಿನ ಪಕ್ಕದ ಅಂಗಡಿಯವರೂ ವಿಚಾರಿಸಿದರು. ಅವರ ಮನೆಗಳಲ್ಲೂ ಒಲೆಯ ಮುಂದೆ ಕೂತು ಸಾಕಾಗಿದ್ದ ಹೆಂಗಸರು ಇದ್ದರಲ್ಲ. ದೊಡ್ಡ ಸಾವಕಾರರೇ ತರಿಸಿದ ಮೇಲೆ ಮಾನ ಹೋಗುವ ಮಾತಿಲ್ಲ. ಶ್ರಾವಣ ಮುಗಿಯುವುದರೊಳಗೆ ಮಾರುಕಟ್ಟೆಯ ಅರ್ಧಕ್ಕರ್ಧ ಅಂಗಡಿಗಳ ಬುಟ್ಟಿ ನೀಲವ್ವನ ಶೆಡ್ಡಿನಿಂದ ಬರತೊಡಗಿತು. ನಾನು ಹೋದಲ್ಲೆಲ್ಲ ಅದನ್ನೇ ಹೇಳುತ್ತಿದ್ದೆ. ನೋಡಿ, ಇತ್ತ ಹೆಣ್ಣುಮಕ್ಕಳು ಓದಿದರು, ಅತ್ತ ನೀಲವ್ವನ ಕೈಗೆ ಕೆಲಸ ಸಿಕ್ಕಿತು, ಸಿದ್ಧಾಂತ ಎಂದರೆ ಇದು.

ದಸರಾ ರಜೆ ಮುಗಿದು ಕಾಲೇಜು ತೆರೆಯಿತು. ದ್ವಿತೀಯ ಪಿಯುಸಿ ಕ್ಲಾಸಿನಲ್ಲಿ ಅದೇ ಪಾಠ ಬಂದಿತ್ತು. ಹಲಗೆಯ ಮೇಲೆ ಎರಡು ಕಾಲಂ ಹಾಕಿ ತಿರುಗಿದೆ. ಮೂರನೇ ಬೆಂಚಿನ ಗೋಡೆಯ ಬದಿ ಖಾಲಿ ಇತ್ತು.

"ಲಕ್ಷ್ಮಿ ಎಲ್ಲಿ?"

"ಬರೂದಿಲ್ಲಂತ್ರಿ ಸರ" ಎಂದಳು ಪಕ್ಕದವಳು.

ಪಾಠ ಅರ್ಧಕ್ಕೆ ಬಿಟ್ಟೆ. ಗೇಟು ದಾಟಿ ಶೆಡ್ಡಿನ ಕಡೆ ನಡೆದೆ. ನಡೆದೆ ಎನ್ನುವುದಕ್ಕಿಂತ ಓಡಿದೆ ಎನ್ನಬೇಕು. ದೂರದಿಂದಲೇ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಒಂದಲ್ಲ, ನಾಲ್ಕೈದು ಕೈಯದು. ಹೊಸ ಒಲೆಗಳು ಬಂದಿದ್ದವು. ನೀಲವ್ವ ನನ್ನನ್ನು ನೋಡಿದವಳೇ ಸೆರಗು ಹೊದ್ದು ಎದ್ದು ಬಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕಾಲು ಮುಟ್ಟಲು ಬಗ್ಗಿದಳು. ಹಿಂದೆ ಸರಿದೆ.

"ನಿಮಗ ಪುಣ್ಯ ಬರ್ಲಿ ಸರ. ನೀವು ಹೇಳಿ ಕಳಸಿದ್ದಕ್ಕ ನಮ್ಮ ಒಲಿ ಆರೂದಿಲ್ಲ ಈಗ. ಬಡ್ಯಾಕ ಕೈ ಸಾಲವಲ್ವು ನೋಡ್ರಿ. ಹೊರಗಿನ ಹೆಣ್ಮಕ್ಕಳು ಒಂದು ದಿನ ಬರ್ತಾರ, ಒಂದು ದಿನ ಇಲ್ಲ. ಮನಿ ಮಗಳಿದ್ರ ಚಿಂತಿಲ್ಲ."

"ಆಕಿ ಕಾಲೇಜು, ನೀಲವ್ವ?" ಎಂದೆ.

"ಈ ವರ್ಷ ಒಂದು ಹೋದ್ರ ಹೋಗ್ಲಿ ಬಿಡ್ರಿ."

ಒಳಗೆ ಮೂಲೆಯ ಒಲೆಯ ಮುಂದೆ ಲಕ್ಷ್ಮಿ ಕೂತಿದ್ದಳು. ನನ್ನನ್ನು ನೋಡಿ ಕ್ಲಾಸಿನಲ್ಲಿ ಏಳುವಂತೆಯೇ ಎದ್ದು ನಿಂತಳು. ಅಂಗೈ ಕೆಂಪಗಿತ್ತು. ಹಂಚಿನ ಮೇಲಿಂದ ಒಂದು ಬಿಸಿ ರೊಟ್ಟಿ ತೆಗೆದು 'ತಗೋರಿ ಸರ' ಎಂದು ಎರಡೂ ಕೈಯಲ್ಲಿ ಹಿಡಿದಳು. ರೊಟ್ಟಿ ಮುರಿದು ಬಾಯಿಗಿಟ್ಟೆ.

"ಚಲೋ ಆಗೈತೇನ್ರಿ ಸರ?" ಎಂದಳು. "ಈಗ ನಾನೂ ರೇಣುಕಕ್ಕನಷ್ಟಽ ಜೋರ ಬಡೀತೇನ್ರಿ."